ಅನಂತಗಿರಿ ಗುಡ್ಡದ ದವಾಖಾನೆ ಮತ್ತು ಕ್ಷಯದ ಕ್ರಿಮಿ ಕಟ್ಟುವ ಗೋಡೆ



ತಾಂಡೂರಿನ ರೈಲು ಹಳಿಯೂ ಜಹೀರಾಬಾದಿನ ಹಳಿಯೂ ವಿಕಾರಾಬಾದಿನಲ್ಲಿ ಕೂಡುತ್ತವೆ. ಅದರ ಮಗ್ಗುಲಲ್ಲೇ ಅನಂತಗಿರಿ ಗುಡ್ಡ. ನಾವು ಈಗ ಬುತ್ತಿ ಕಟ್ಟಿಕೊಂಡು ತಿರುಗಾಡಲು ಹೋಗುವ ಆ ಕಾಡಿನಲ್ಲಿ 1940ರ ದಶಕದಲ್ಲಿ ನಿಜಾಮ್ ಸರಕಾರ ಕ್ಷಯರೋಗಿಗಳಿಗಾಗಿ ದವಾಖಾನೆ ಕಟ್ಟಿಸಿತು. ಆಗ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. 1956ರಲ್ಲಿ ಗಡಿ ಬದಲಾಯಿತು, ನಮ್ಮ ಮನೆಮಾತು ಕನ್ನಡವಾಗಿಯೇ ಉಳಿಯಿತು.

ಗುಡ್ಡವನ್ನೇ ಏಕೆ ಆರಿಸಿಕೊಂಡರು? ಕ್ಷಯಕ್ಕೆ ಆಗ ನಂಬಬಹುದಾದ ಔಷಧವೇ ಇರಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ ಇವೇ ಚಿಕಿತ್ಸೆ. ಹಲವು ಮಿಷನ್‌ಗಳು ಕೂಡಿ ಮದನಪಲ್ಲಿಯ ಬಳಿ ಆರೋಗ್ಯವರಂ ಸ್ಯಾನಟೋರಿಯಂಗೆ 1912ರಲ್ಲಿ ಅಡಿಗಲ್ಲು ಹಾಕಿದ್ದೂ ಇದೇ ನಂಬಿಕೆಯಿಂದ. ರೋಗಿ ತಿಂಗಳುಗಟ್ಟಲೆ ಮಲಗಿರಬೇಕು. ಕೂಲಿ ಮಾಡುವ ತಂದೆ ಹಾಗೆ ಮಲಗಿದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ ಎಂಬ ಪ್ರಶ್ನೆಗೆ ಗುಡ್ಡದ ಗಾಳಿಯಲ್ಲಿ ಉತ್ತರವಿರಲಿಲ್ಲ.

ರೋಗಿಯನ್ನು ಗುಡ್ಡದಿಂದ ಮನೆಗೆ ತಂದದ್ದು ಔಷಧ. ಅದು ಹೊಡೆಯುವುದು ಕ್ರಿಮಿಯ ಗೋಡೆಗೆ.

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ತೋರಿಸಿದಾಗ ಕಂಡದ್ದು ಸಣ್ಣ ಕೋಲುಗಳು. ಅವು ದುಂಡಗಾಗದೆ ಕೋಲಾಗಿ ಉಳಿಯುವುದು ಹೊರಗೋಡೆಯಿಂದ. ಕ್ರಿಮಿ ಬೆಳೆಯಬೇಕಾದರೆ ಆ ಗೋಡೆಯನ್ನು ಒಡೆದುಹೋಗದಂತೆ ಬಿಡಿಸಿ, ಹೊಸ ತುಂಡು ಸೇರಿಸುತ್ತಲೇ ಇರಬೇಕು. ಎಲ್ಲಿ ಸೇರಿಸಬೇಕೆಂದು ಹೇಳುವ ಮೇಸ್ತ್ರಿಗಳೇ ಪ್ರೋಟೀನುಗಳು. ನಮ್ಮ ಕರುಳಿನ ಇ. ಕೋಲಿಯಂಥ ಕೋಲು ಕ್ರಿಮಿಗಳಲ್ಲಿ ಆ ಮೇಸ್ತ್ರಿಯ ಹೆಸರು ಎಂ.ಆರ್.ಇ.ಬಿ. ಅದು ಕ್ರಿಮಿಯ ಪಕ್ಕದ ಗೋಡೆಯುದ್ದಕ್ಕೂ ಕೆಲಸ ಮಾಡಿಸುತ್ತದೆಂದು 2001ರ ನಂತರವೇ ಸ್ಪಷ್ಟವಾಗತೊಡಗಿತು. ಕ್ಷಯದ ಕ್ರಿಮಿಯಲ್ಲಿ ಅದಿಲ್ಲ! ಅಲ್ಲಿ ವ್ಯಾಗ್31 ಎಂಬ ಬೇರೆ ಪ್ರೋಟೀನು ಎರಡೂ ತುದಿಗಳಲ್ಲಿ ಕೂತು ಗೋಡೆ ಕಟ್ಟಿಸುತ್ತದೆ. ಜಹೀರಾಬಾದಿನ ಕಬ್ಬು ಸುಳಿಯಲ್ಲಿ ಬೆಳೆಯುವುದಿಲ್ಲವೇ, ಹಾಗೆ; ಆದರೆ ಈ ಕಬ್ಬಿಗೆ ಎರಡು ಸುಳಿ.

ಗೋಡೆಯ ಮೇಲೆ ಮೇಣದಂಥ ಕೊಬ್ಬಿನ ದಪ್ಪ ಪದರವೂ ಇದೆ. 1952ರಲ್ಲಿ ಬಳಕೆಗೆ ಬಂದ ಐಸೋನಿಯಾಜಿಡ್ ಈ ಕೊಬ್ಬು ತಯಾರಾಗುವುದನ್ನು ತಡೆಯುತ್ತದೆ. ಆಮೇಲೆ ಬಂದ ಎಥಾಂಬ್ಯೂಟಾಲ್ ಅದರ ಕೆಳಗಿನ ಸಕ್ಕರೆಯ ಪದರ ಕಟ್ಟಲು ಬಿಡುವುದಿಲ್ಲ.

1956ರಲ್ಲಿ ಮದ್ರಾಸಿನಲ್ಲಿ ದೊಡ್ಡ ಪರೀಕ್ಷೆಯೊಂದು ಶುರುವಾಯಿತು. ಬಡ ರೋಗಿಗಳಲ್ಲಿ ಅರ್ಧದಷ್ಟು ಜನ ಸ್ಯಾನಟೋರಿಯಂನಲ್ಲಿ, ಉಳಿದವರು ಕಿಕ್ಕಿರಿದ ತಮ್ಮ ಮನೆಗಳಲ್ಲೇ ಅದೇ ಔಷಧ ತೆಗೆದುಕೊಂಡರು. 1959ರಲ್ಲಿ ಫಲಿತಾಂಶ ಬಂತು: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು, ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತು. ಮನೆಯಲ್ಲೇ ಚಿಕಿತ್ಸೆ ಎಂಬ ಇಂದಿನ ಪದ್ಧತಿ ಬೆಳೆದದ್ದು ಹೀಗೆ. ನಮ್ಮ ದೃಷ್ಟಿಯಲ್ಲಿ ಬಡವರ ಪಾಲಿಗೆ ಇದಕ್ಕಿಂತ ದೊಡ್ಡ ಸುದ್ದಿ ಆ ದಶಕದಲ್ಲಿ ಇನ್ನೊಂದಿಲ್ಲ.

ಆದರೆ ಆರು ತಿಂಗಳು ಏಕೆ? ಇ. ಕೋಲಿ ಇಪ್ಪತ್ತು ನಿಮಿಷಕ್ಕೆ ಎರಡಾದರೆ, ಕ್ಷಯದ ಕ್ರಿಮಿಗೆ ಸುಮಾರು ಇಪ್ಪತ್ತು ತಾಸು ಬೇಕು. ಕೆಲವಂತೂ ಏನೂ ಕಟ್ಟದೆ ನಿದ್ದೆ ಹೊಡೆಯುತ್ತವೆ. ಗೋಡೆ ಕಟ್ಟುವುದನ್ನು ತಡೆಯುವ ಮದ್ದು, ಕಟ್ಟದೇ ಮಲಗಿರುವ ಕ್ರಿಮಿಯನ್ನು ಏನು ಮಾಡೀತು? ಅದಕ್ಕಾಗಿಯೇ ರಿಫಾಂಪಿಸಿನ್, ಪೈರಜಿನಮೈಡ್ ಎಂಬ ಬೇರೆ ಮದ್ದುಗಳನ್ನೂ ಕೂಡಿಸಿ, ತಿಂಗಳುಗಟ್ಟಲೆ ಕೊಡುವುದು.

ನಮ್ಮ ಧರ್ಮಕೇಂದ್ರದ ಒಬ್ಬ ತಮ್ಮನಿಗೆ ಎರಡೇ ತಿಂಗಳಲ್ಲಿ ಕೆಮ್ಮು ನಿಂತಿತ್ತು, ಮೈಯೂ ತುಂಬಿಕೊಂಡಿತ್ತು. ಗುಳಿಗೆ ಬಿಟ್ಟ. ಕೆಲವು ತಿಂಗಳಿಗೆ ಮತ್ತೆ ಜ್ವರ, ಕಫದಲ್ಲಿ ರಕ್ತ. ಕ್ರಿಮಿ ಔಷಧಕ್ಕೆ ಬಗ್ಗುತ್ತದೋ ಇಲ್ಲವೋ ಎಂದು ಪರೀಕ್ಷೆಯಾಗಿ, ಬಗ್ಗುತ್ತದೆಂದು ಬರುವವರೆಗೆ ಮನೆಯವರು ಸರಿಯಾಗಿ ಊಟ ಮಾಡಲಿಲ್ಲ. ಈಗ ಮೊದಲಿನಿಂದ ಶುರು. ಸರಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿಯೂ ಇದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆಗೆ ನಾವೇ ಜೊತೆಗೆ ಬರುತ್ತೇವೆ, ಪೂಜೆ ಮುಗಿದ ಮೇಲೆ ಯಾರಿಗಾದರೂ ಒಂದು ಮಾತು ಹೇಳಿ. ಆ ತಮ್ಮನ ಅಜ್ಜಿ ಈ ಸಲ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗೆರೆ ಎಳೆಯುತ್ತಿದ್ದಾರೆ. ಕಳೆದ ಭಾನುವಾರಕ್ಕೆ ತೊಂಬತ್ತೊಂದು ಆಗಿತ್ತು.