ಫ್ರೀಜರ್‌ನಲ್ಲಿ ಮಂಜುಗಡ್ಡೆ, ಕೆಳಗೆ ತಂಪಿಲ್ಲ: ಫ್ರಿಜ್‌ನ ದೋಷ ಪತ್ತೆ ಹೇಗೆ?

ಮೇಲಿನ ಫ್ರೀಜರ್‌ನಲ್ಲಿ ಮಂಜುಗಡ್ಡೆ ಕಲ್ಲಿನಂತೆ ಗಟ್ಟಿಯಾಗಿದೆ. ಕೆಳಗಿನ ಕಪಾಟಿನಲ್ಲಿಟ್ಟ ಹಾಲು ಮಾತ್ರ ಬೆಳಗಾಗುವುದರೊಳಗೆ ಒಡೆದಿದೆ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನಂತಹ ಗ್ರಾಮದಲ್ಲಿ ಈ ಸ್ಥಿತಿ ಎದುರಾದರೆ ಮೆಕ್ಯಾನಿಕ್‌ನನ್ನು ಪಟ್ಟಣದಿಂದ ಕರೆಸಬೇಕು. ಅವನು ಬಂದುಹೋಗುವ ಖರ್ಚೂ ಮನೆಯವರದೇ. ಇಂತಹ ಸಂದರ್ಭದಲ್ಲಿ ‘ಗ್ಯಾಸ್ ಖಾಲಿಯಾಗಿದೆ’ ಎಂಬ ಮಾತು ಮೊದಲು ಕೇಳಿಬರುವುದು ಸಾಮಾನ್ಯ. ಆದರೆ ಫ್ರೀಜರ್ ನಿಜವಾಗಿಯೂ ಚೆನ್ನಾಗಿ ತಣ್ಣಗಿದ್ದರೆ ಗ್ಯಾಸ್ ಇದೆ, ಕಂಪ್ರೆಸರ್ ಕೆಲಸ ಮಾಡುತ್ತಿದೆ ಎಂದೇ ಬಹುಮಟ್ಟಿಗೆ ಅರ್ಥ. ತಂಪು ಹುಟ್ಟುತ್ತಿದೆ, ಕೆಳಗೆ ತಲುಪುತ್ತಿಲ್ಲ. ಅದು ಎಲ್ಲಿ ತಡೆದಿದೆ ಎಂಬುದನ್ನು ಮನೆಯವರೇ ಬಹುಪಾಲು ಕಂಡುಕೊಳ್ಳಲು ಸಾಧ್ಯವಿದೆ.

ತಂಪು ಹುಟ್ಟುವುದು ಒಂದೇ ಕಡೆ

ಕೆಲವು ದುಬಾರಿ ಮಾದರಿಗಳನ್ನು ಬಿಟ್ಟರೆ, ಗೃಹಬಳಕೆಯ ಫ್ರಿಜ್‌ಗಳಲ್ಲಿ ಫ್ರೀಜರ್‌ಗೊಂದು, ಕೆಳಭಾಗಕ್ಕೊಂದು ಎಂದು ಪ್ರತ್ಯೇಕ ವ್ಯವಸ್ಥೆ ಇರುವುದಿಲ್ಲ. ಕಂಪ್ರೆಸರ್ ಅನಿಲವನ್ನು ಒತ್ತಿ ಕೊಳವೆಗಳಿಗೆ ದೂಡುತ್ತದೆ. ಅಲ್ಲಿ ಅದು ಶಾಖವನ್ನು ಹೊರಕ್ಕೆ ಬಿಟ್ಟು ದ್ರವವಾಗುತ್ತದೆ. ಈ ದ್ರವ ಫ್ರೀಜರ್‌ನ ಕೂಲಿಂಗ್ ಕಾಯಿಲ್ ತಲುಪಿ ಮತ್ತೆ ಅನಿಲವಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ತಂಪು ಹುಟ್ಟುವ ಸ್ಥಳ ಅದೊಂದೇ. ಕೆಳಗಿನ ಕಪಾಟುಗಳಿಗೆ ತಂಪು ಗಾಳಿ ಅಲ್ಲಿಂದಲೇ ಇಳಿದು ಬರಬೇಕು. ಕೆರೆ ತುಂಬಿದ್ದರೂ ತೂಬು ಕಟ್ಟಿಕೊಂಡರೆ ಗದ್ದೆಗೆ ನೀರು ಹರಿಯುವುದಿಲ್ಲ. ಫ್ರಿಜ್‌ನ ಕಥೆಯೂ ಹಾಗೆಯೇ.

ಮೊದಲು ಅಳತೆ

ಕೈಗೆ ತಣ್ಣಗೆನಿಸಿದ ಮಾತ್ರಕ್ಕೆ ಫ್ರೀಜರ್ ಸರಿಯಾಗಿದೆ ಎನ್ನಲಾಗದು. ಅಲ್ಲಿ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೈನಸ್ 5 ಡಿಗ್ರಿ ಇದ್ದರೂ ನೀರು ಹೆಪ್ಪುಗಟ್ಟುತ್ತದೆ. ಐಸ್‌ಕ್ರೀಂ ಮೆತ್ತಗಾಗಿದ್ದರೆ ಫ್ರೀಜರ್ ಕೂಡ ಸೊರಗಿದೆ ಎಂದು ತಿಳಿಯಬೇಕು. ಕೆಳಭಾಗವನ್ನು ಅಳೆಯಲು, ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟು ನಡುವಿನ ಕಪಾಟಿನಲ್ಲಿ ರಾತ್ರಿಯಿಡೀ ಇರಿಸಿ ಬೆಳಿಗ್ಗೆ ನೋಡಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು. ಸೊನ್ನೆಯಿಂದ ಅಳೆಯುವಂಥದ್ದು ಬೇಕು. ಆಹಾರದ ದೃಷ್ಟಿಯಿಂದ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುವುದು ಕ್ಷೇಮ.

ಒಂದೇ ಬಾಗಿಲಿನ ಫ್ರಿಜ್

ಗ್ರಾಮಾಂತರದಲ್ಲಿ ಹೆಚ್ಚಾಗಿ ಕಾಣುವ ‘ಡೈರೆಕ್ಟ್ ಕೂಲ್’ ಮಾದರಿ ಇದು. ಇದರಲ್ಲಿ ಫ್ಯಾನ್ ಇರುವುದಿಲ್ಲ. ಫ್ರೀಜರ್ ಪೆಟ್ಟಿಗೆಯ ಗೋಡೆಯೇ ಕೂಲಿಂಗ್ ಕಾಯಿಲ್. ತಣ್ಣನೆಯ ಗಾಳಿ ಭಾರವಾದ್ದರಿಂದ ತಾನಾಗಿಯೇ ಕೆಳಗಿಳಿಯುತ್ತದೆ. ಆದ್ದರಿಂದ ಇಲ್ಲಿ ತಡೆಗಳೂ ಸರಳ.

ಮೊದಲನೆಯದು ಹಿಮ. ಫ್ರೀಜರ್ ಸುತ್ತ ಅರ್ಧ ಸೆಂಟಿಮೀಟರ್‌ಗಿಂತ ದಪ್ಪನಾಗಿ ಹಿಮ ಕಟ್ಟಿದರೆ ಅದು ಕಂಬಳಿ ಹೊದಿಸಿದಂತೆ ತಂಪನ್ನು ಒಳಗೇ ಹಿಡಿದಿಡುತ್ತದೆ. ಥರ್ಮೋಸ್ಟಾಟ್‌ನ ತುದಿ ಸಾಮಾನ್ಯವಾಗಿ ಕಾಯಿಲ್‌ಗೆ ಅಂಟಿಕೊಂಡಿರುವುದರಿಂದ ಅದಕ್ಕೆ ಸಾಕಷ್ಟು ತಂಪಾಗಿದೆ ಎನಿಸಿ ಕಂಪ್ರೆಸರ್ ಬೇಗ ನಿಲ್ಲುತ್ತದೆ. ಕೆಳಗಿನ ಹಾಲು ಮೊಸರು ಬೆಚ್ಚಗೇ ಉಳಿಯುತ್ತವೆ. ಥರ್ಮೋಸ್ಟಾಟ್ ನಡುವಿನ ಗುಂಡಿಯನ್ನು ಒತ್ತಿ ಅಥವಾ ವಿದ್ಯುತ್ ಪ್ಲಗ್ ತೆಗೆದು ಹಿಮವನ್ನು ಪೂರ್ತಿ ಕರಗಿಸುವುದೇ ಇದಕ್ಕೆ ಪರಿಹಾರ. ಚಾಕು, ಸ್ಕ್ರೂಡ್ರೈವರ್‌ಗಳಿಂದ ಕೆರೆಯುವುದು ಸಲ್ಲದು. ತೆಳುವಾದ ಅಲ್ಯೂಮಿನಿಯಂ ತೂತಾದರೆ ಇಲ್ಲದ ಗ್ಯಾಸ್ ಸಮಸ್ಯೆ ನಿಜವಾಗಿಯೂ ಹುಟ್ಟಿಕೊಳ್ಳುತ್ತದೆ.

ಎರಡನೆಯದು ಗಾಳಿಯ ದಾರಿ. ಜಾಲರಿ ಕಪಾಟುಗಳ ಮೇಲೆ ಪ್ಲಾಸ್ಟಿಕ್ ಹಾಳೆ, ಬಟ್ಟೆ ಅಥವಾ ಪತ್ರಿಕೆ ಹಾಸುವ ರೂಢಿ ಅನೇಕ ಮನೆಗಳಲ್ಲಿದೆ. ದೋಸೆ ಹಿಟ್ಟಿನ ದೊಡ್ಡ ಪಾತ್ರೆ, ಸೊಪ್ಪಿನ ಕಟ್ಟುಗಳನ್ನು ಗೋಡೆಗೆ ಒತ್ತಿ ತುಂಬುವುದೂ ಉಂಟು. ಇವೆರಡೂ ಇಳಿಯುವ ಗಾಳಿಗೆ ಅಡ್ಡಿ.

ಮೂರನೆಯದು ಬಾಗಿಲಿನ ರಬ್ಬರ್, ಅಂದರೆ ಗ್ಯಾಸ್ಕೆಟ್. ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದಾಗ ಅದು ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಹಿಡಿಯುತ್ತಿಲ್ಲ. ಸಾಬೂನು ನೀರಿನಿಂದ ಜಿಡ್ಡು ತೊಳೆದರೆ ಎಷ್ಟೋ ಬಾರಿ ಸರಿಹೋಗುತ್ತದೆ. ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಮಳೆಗಾಲದಲ್ಲಿ ಈ ಸಂದಿನಿಂದ ನುಗ್ಗುವ ತೇವವೇ ಒಳಗೆ ಹಿಮವಾಗಿ ಕಟ್ಟುತ್ತದೆ.

ಎರಡು ಬಾಗಿಲಿನ ‘ಫ್ರಾಸ್ಟ್ ಫ್ರೀ’

ಈ ಮಾದರಿಯಲ್ಲಿ ಕಾಯಿಲ್ ಫ್ರೀಜರ್‌ನ ಹಿಂಗೋಡೆಯ ಮರೆಯಲ್ಲಿರುತ್ತದೆ. ಒಂದು ಚಿಕ್ಕ ಫ್ಯಾನ್ ಅದರ ಮೇಲಿಂದ ಗಾಳಿಯನ್ನು ಸೆಳೆದು ಫ್ರೀಜರ್‌ಗೂ, ಡ್ಯಾಂಪರ್ ಎಂಬ ಸಣ್ಣ ಕಿಂಡಿಯ ಮೂಲಕ ಕೆಳಭಾಗಕ್ಕೂ ಹಂಚುತ್ತದೆ. ಕಾಯಿಲ್‌ಗೆ ಅಂಟುವ ಹಿಮವನ್ನು ಆಗಾಗ ಕರಗಿಸಲು ಹೀಟರ್ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಟೈಮರ್, ಹೊಸದರಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಅದನ್ನು ನಿಯಂತ್ರಿಸುತ್ತದೆ. ‘ಮೇಲೆ ತಂಪು, ಕೆಳಗೆ ಬಿಸಿ’ ಎಂಬ ದೂರಿಗೆ ಈ ಮಾದರಿಯಲ್ಲಿ ಮುಖ್ಯವಾಗಿ ಮೂರು ಕಾರಣಗಳಿವೆ.

ಫ್ಯಾನ್ ನಿಂತಿರುವುದು: ಹಲವು ಮಾದರಿಗಳಲ್ಲಿ ಬಾಗಿಲು ತೆರೆದಾಗ ಫ್ಯಾನ್ ನಿಲ್ಲುತ್ತದೆ. ಬಾಗಿಲ ಅಂಚಿನ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದರೆ ಅದು ತಿರುಗುವ ಸದ್ದು ಕೇಳಬೇಕು. ಹಿಮ ಕರಗಿಸುವ ಹೊತ್ತಿನಲ್ಲಿ ಫ್ಯಾನ್ ಸಹಜವಾಗಿಯೇ ನಿಂತಿರುವುದರಿಂದ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಪರೀಕ್ಷಿಸುವುದು ಒಳಿತು. ಕಂಪ್ರೆಸರ್ ನಡೆಯುತ್ತಿದ್ದೂ ಪ್ರತಿ ಬಾರಿಯೂ ಫ್ಯಾನ್ ಮೌನವಾಗಿದ್ದರೆ ಅದರ ಮೋಟಾರ್ ಅಥವಾ ಸ್ವಿಚ್ ಕೆಟ್ಟಿರಬಹುದು.

ಹಿಮ ಕರಗದಿರುವುದು: ಫ್ರೀಜರ್‌ನ ಒಳಗಿನ ಹಿಂಗೋಡೆಯ ಮೇಲೆ ಬಿಳಿ ಹಿಮ ಕಾಣಿಸಿದರೆ ಹೀಟರ್, ಅದರ ಫ್ಯೂಸ್, ಸೆನ್ಸರ್ ಅಥವಾ ಟೈಮರ್ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಹಿಮದ ಗೋಡೆ ಗಾಳಿಯನ್ನು ತಡೆಯುತ್ತದೆ. ಫ್ರೀಜರ್ ಕಾಯಿಲ್‌ನ ಪಕ್ಕದಲ್ಲೇ ಇರುವುದರಿಂದ ಕೆಲವು ದಿನ ತಣ್ಣಗಿರುತ್ತದೆ, ಕೆಳಭಾಗ ಮೊದಲು ಬೆಚ್ಚಗಾಗುತ್ತದೆ.

ಡ್ಯಾಂಪರ್ ಮುಚ್ಚಿಕೊಂಡಿರುವುದು: ಫ್ಯಾನ್ ಸದ್ದು ಮಾಡುತ್ತಿದೆ, ಹಿಮವೂ ಇಲ್ಲ, ಆದರೂ ಕೆಳಗಿನ ಕಿಂಡಿಯಿಂದ ಗಾಳಿ ಬಾರದಿದ್ದರೆ ಈ ಬಾಗಿಲು ಸಿಕ್ಕಿಕೊಂಡಿರಬಹುದು.

24 ಗಂಟೆಯ ಪರೀಕ್ಷೆ

ಪದಾರ್ಥಗಳನ್ನು ಹೊರತೆಗೆದು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಬೇಕು. ಮರೆಯಲ್ಲಿರುವ ಹಿಮವೆಲ್ಲ ಕರಗುತ್ತದೆ. ನೆಲಕ್ಕೆ ಬಟ್ಟೆ ಹಾಸಿರಬೇಕು. ಬಳಿಕ ಚಾಲು ಮಾಡಿದಾಗ ಕೆಳಭಾಗ ಚೆನ್ನಾಗಿ ತಂಪಾಗಿ, ಕೆಲವು ದಿನ ಅಥವಾ ವಾರದ ನಂತರ ಮತ್ತೆ ಕೈಕೊಟ್ಟರೆ ದೋಷ ಹಿಮ ಕರಗಿಸುವ ಭಾಗದಲ್ಲಿದೆ ಎಂಬುದು ಹೆಚ್ಚು ಕಡಿಮೆ ಖಚಿತ. ಮತ್ತೆ ಕೆಡದಿದ್ದರೆ ಬಾಗಿಲು ಸರಿಯಾಗಿ ಮುಚ್ಚದೆ ಒಮ್ಮೆ ಹಿಮ ತುಂಬಿತ್ತು ಎಂದು ಭಾವಿಸಬಹುದು. ಕರಗಿಸಿದ ಮೇಲೂ ತಂಪು ಬಾರದಿದ್ದರೆ ಫ್ಯಾನ್ ಮತ್ತು ಡ್ಯಾಂಪರ್ ಕಡೆ ಗಮನ ಹರಿಸಬೇಕು. ಈ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ಹಿಂಗೋಡೆಯನ್ನು ಬಿಚ್ಚುವ ಕೆಲಸವನ್ನು ತಿಳಿದವರಿಗೇ ಬಿಡಬೇಕು.

ಗ್ಯಾಸ್ ನಿಜವಾಗಿಯೂ ಕಡಿಮೆಯಾದಾಗ

ಫ್ರಿಜ್‌ನ ಗ್ಯಾಸ್ ಬಳಸಿದಷ್ಟೂ ಸವೆಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಅಲ್ಪ ಸೋರಿಕೆಯಲ್ಲಿ ಕಾಯಿಲ್‌ನ ಒಂದು ಭಾಗಕ್ಕೆ ಮಾತ್ರ ಹಿಮ ಹಿಡಿದು ಉಳಿದ ಭಾಗ ಬರಿದಾಗಿ ಕಾಣುತ್ತದೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಫ್ರೀಜರ್ ಕೂಡ ದಿನೇ ದಿನೇ ಸೊರಗುತ್ತದೆ. ಈ ಲಕ್ಷಣಗಳಿದ್ದರೆ ಮಾತ್ರ ಗ್ಯಾಸ್ ವಿಚಾರಕ್ಕೆ ಬರಬೇಕು. ಸೋರಿಕೆಯನ್ನು ಮುಚ್ಚದೆ, ಫಿಲ್ಟರ್ ಬದಲಿಸದೆ, ಕೊಳವೆಯೊಳಗಿನ ಗಾಳಿಯನ್ನು ನಿರ್ವಾತ ಪಂಪ್‌ನಿಂದ ತೆಗೆಯದೆ ತುಂಬಿದ ಗ್ಯಾಸ್ ಹೆಚ್ಚು ಕಾಲ ನಿಲ್ಲದು. ಈಚಿನ ಅನೇಕ ಫ್ರಿಜ್‌ಗಳಲ್ಲಿರುವ ಆರ್ 600ಎ ಅನಿಲಕ್ಕೆ ಬೆಂಕಿ ಬೇಗ ತಾಗುತ್ತದೆ. ಅದರ ಕೆಲಸ ನಡೆಯುವಾಗ ಒಲೆ, ದೀಪ ಹತ್ತಿರ ಇರಕೂಡದು. ಯಾವ ಅನಿಲ ಎಂಬುದು ಕಂಪ್ರೆಸರ್ ಅಥವಾ ಹಿಂಬದಿಯ ಚೀಟಿಯಲ್ಲಿ ನಮೂದಾಗಿರುತ್ತದೆ.

ವಿದ್ಯುತ್ ಬಿಲ್‌ಗೂ ಇದಕ್ಕೂ ನಂಟಿದೆ. ಕೆಳಭಾಗ ತಂಪಾಗದೆ ಕಂಪ್ರೆಸರ್ ಹಗಲಿರುಳು ಓಡಿದರೆ ಬಳಕೆ ಏರುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಸೌಲಭ್ಯ 200 ಯೂನಿಟ್ ಮಿತಿಗೆ ಒಳಪಟ್ಟಿರುವುದರಿಂದ ಮೀಟರ್ ಮೇಲೆ ಕಣ್ಣಿಡುವುದು ಲೇಸು.

ಇನ್ಸುಲಿನ್ ಇರುವ ಮನೆಯಲ್ಲಿ ವಿಶೇಷ ಎಚ್ಚರ

ಹಾಲು ಒಡೆದರೆ ಚೆಲ್ಲಬಹುದು. ಮಧುಮೇಹಿಗಳ ಇನ್ಸುಲಿನ್ ಕೆಟ್ಟರೆ ನೋಡಿದ ಮಾತ್ರಕ್ಕೆ ಗೊತ್ತಾಗದೇ ಹೋಗಬಹುದು. ಚುಚ್ಚಿಕೊಂಡ ಮೇಲೂ ರಕ್ತದ ಸಕ್ಕರೆ ಇಳಿಯದಿದ್ದಾಗಲೇ ಅನುಮಾನ ಮೂಡುತ್ತದೆ. ತೆರೆಯದ ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಕೆಳಗೆ ತಂಪಿಲ್ಲ ಎಂದು ಅದನ್ನು ಫ್ರೀಜರ್‌ಗೆ ಎತ್ತಿಡುವುದು ಅತ್ಯಂತ ಅಪಾಯಕರ ತಪ್ಪು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆ ಕಂಡರೂ ಬಳಕೆಗೆ ಯೋಗ್ಯವಲ್ಲ, ಎಸೆಯಲೇಬೇಕು.

ಬಳಸಲು ಆರಂಭಿಸಿದ ಬಾಟಲಿ ಅಥವಾ ಪೆನ್ ಅನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಮೀರದ ಜಾಗದಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ನಿಖರ ಮಿತಿ ಅದರ ಜೊತೆಗಿನ ಚೀಟಿಯಲ್ಲಿರುತ್ತದೆ. ಫ್ರಿಜ್ ದುರಸ್ತಿಯಾಗುವವರೆಗೆ ಒದ್ದೆ ಮರಳಿನ ಮೇಲೆ ಮಣ್ಣಿನ ಕುಡಿಕೆ ಇಟ್ಟು, ಇನ್ಸುಲಿನ್ ಅನ್ನು ನೀರು ತಾಗದಂತೆ ಡಬ್ಬಿಯಲ್ಲಿ ಮುಚ್ಚಿ ಅದರೊಳಗೆ ನೆರಳಿನಲ್ಲಿ ಇರಿಸುವುದು ಉಪಯುಕ್ತ. ನೀರು ಆವಿಯಾಗುವಾಗ ಕುಡಿಕೆ ತಂಪಾಗುತ್ತದೆ. ಒಣ ಬೇಸಿಗೆಯಲ್ಲಿ ಇದರ ಪ್ರಯೋಜನ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ತೆರೆಯದ ದಾಸ್ತಾನನ್ನು ಸುಸ್ಥಿತಿಯಲ್ಲಿರುವ ನೆರೆಮನೆಯ ಫ್ರಿಜ್‌ಗೆ ಸಾಗಿಸುವುದೇ ಮೇಲು. ಎಷ್ಟು ಹೊತ್ತು ಬಿಸಿಯಲ್ಲಿತ್ತೆಂಬುದು ತಿಳಿಯದಿದ್ದರೆ ವೈದ್ಯರನ್ನು ಕೇಳಿಯೇ ಬಳಸಬೇಕು.

ಆಹಾರದ ವಿಷಯದಲ್ಲಿ, ಬೆಚ್ಚಗಾದ ಫ್ರಿಜ್‌ನಲ್ಲಿ ಹಲವು ಗಂಟೆ ಉಳಿದ ಮಾಂಸ, ಮೀನು, ಬೇಯಿಸಿದ ಅನ್ನ, ಸಾರುಗಳನ್ನು ವಾಸನೆ ನೋಡಿ ನಂಬುವಂತಿಲ್ಲ. ರೋಗ ತರುವ ಎಲ್ಲ ಸೂಕ್ಷ್ಮಜೀವಿಗಳೂ ವಾಸನೆ ಹುಟ್ಟಿಸುವುದಿಲ್ಲ.

ಮೆಕ್ಯಾನಿಕ್ ಬಂದಾಗ

ಮಾದರಿಯ ಹೆಸರು, ಕೆಳಭಾಗದ ಅಳತೆ, ಫ್ಯಾನ್ ಸದ್ದು, ಹಿಂಗೋಡೆಯ ಹಿಮ, 24 ಗಂಟೆಯ ಪರೀಕ್ಷೆಯ ಫಲ, ಈ ಐದನ್ನು ಬರೆದಿಟ್ಟು ಫೋನಿನಲ್ಲೇ ತಿಳಿಸಿದರೆ ಬೇಕಾದ ಬಿಡಿಭಾಗದೊಂದಿಗೆ ಅವನು ಒಂದೇ ಸಲಕ್ಕೆ ಬರಲು ಅನುಕೂಲ. ಗ್ಯಾಸ್ ತುಂಬಬೇಕೆಂದು ಹೇಳಿದರೆ ಸೋರಿಕೆ ಎಲ್ಲಿದೆ ಎಂದು ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ಬದಲಿಸಿದ ಹಳೆಯ ಭಾಗವನ್ನೂ ರಸೀದಿಯನ್ನೂ ಪಡೆದಿಟ್ಟುಕೊಳ್ಳಬೇಕು. ಫ್ರೀಜರ್ ಗಟ್ಟಿಯಾಗಿ ತಣ್ಣಗಿರುವವರೆಗೆ ಆ ಯಂತ್ರದ ಜೀವಾಳ ಉಳಿದಿದೆ. ಸಣ್ಣದೊಂದು ಫ್ಯಾನ್, ಫ್ಯೂಸ್ ಅಥವಾ ರಬ್ಬರ್ ಪಟ್ಟಿಗಾಗಿ ಅದನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ.