ಅತ್ತೆಯ ಹಪ್ಪಳ ಮತ್ತು ರೈಲಿನ ಕಿಟಕಿ

ನಮ್ಮ ಸೋದರತ್ತೆ ಒಮ್ಮೆಯೂ ರೈಲು ಹತ್ತಿದವರಲ್ಲ. ಆದರೂ ಬಂಟ್ವಾಳ ಸ್ಟೇಷನ್ನಿಗೆ ರೈಲು ಎಷ್ಟು ತಡ ಎಂಬುದು ಮನೆಯಲ್ಲಿ ಅವರಿಗೇ ಮೊದಲು ಗೊತ್ತಾಗುತ್ತಿತ್ತು. ಕಾರಣ ಹಲಸಿನ ಹಪ್ಪಳ. ಬೇಸಿಗೆಯಿಡೀ ಅಂಗಳದಲ್ಲಿ ಒಣಗಿಸಿ, 25ರ ಕಟ್ಟು ಮಾಡಿ, ಬಿ.ಸಿ. ರೋಡಿನಲ್ಲಿ ಸ್ಟೇಷನ್ನಿನ ದಾರಿಯ ಅಂಗಡಿಗೆ ಕೊಡುತ್ತಿದ್ದರು. ರೈಲು ನಿಂತಾಗ ಅಂಗಡಿಯ ಹುಡುಗ ಓಡಿಹೋಗಿ ಕಿಟಕಿಯಲ್ಲಿ ಮಾರುತ್ತಿದ್ದ.

ಬಂಟ್ವಾಳಕ್ಕೆ ವ್ಯಾಪಾರ ಹೊಸತಲ್ಲ. ನೇತ್ರಾವತಿಯಲ್ಲಿ ದೋಣಿ ಓಡುತ್ತಿದ್ದ ಕಾಲದಲ್ಲಿ ಮಂಗಳೂರಿನ ಸಾಮಾನು ಇಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಘಟ್ಟದ ಕಡೆಗೆ ಸಾಗುತ್ತಿತ್ತು. ರಸ್ತೆ, ಲಾರಿ ಬಂದ ಮೇಲೆ ಹಳೆಯ ಪೇಟೆ ಸೊರಗಿತು. 1979ರಲ್ಲಿ ಮಂಗಳೂರು-ಹಾಸನ ಮೀಟರ್ ಗೇಜ್ ಮಾರ್ಗ ಪೂರ್ತಿಯಾಯಿತು. ಆದರೆ ಸ್ಟೇಷನ್ ಬಿ.ಸಿ. ರೋಡಿನ ಕಡೆಗೆ, ಹೆಸರು ಮಾತ್ರ ಬಂಟ್ವಾಳ!

ಬೆಳ್ತಂಗಡಿಗೂ ಮೂಡುಬಿದಿರೆಗೂ ಹಳಿಯೇ ಇಲ್ಲ. ಧರ್ಮಸ್ಥಳಕ್ಕೋ, ವೇಣೂರಿನ ಗೊಮ್ಮಟನನ್ನು ನೋಡಲಿಕ್ಕೋ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ ಹೊರಟವರು ಇಲ್ಲಿ ಇಳಿದರೆ ಬಸ್ಸಿಗೆ ಕಾಯಲೇಬೇಕು. ಕಾಯುವವರಿಗೆ ಹಸಿವಾಗದೆ ಇರುತ್ತದೆಯೇ? ಗಂಡಸರಿಗೆ ಚಹಾ, ಮಕ್ಕಳಿಗೆ ಗೋಳಿಬಜೆ, ಹೆಂಗಸರಿಗೆ ಒಂದು ಚೆಂಡು ಮಲ್ಲಿಗೆ, ಹಿಂದೆ ಹೋಗುವಾಗ ಹಪ್ಪಳ. ಪರವೂರಿನವರ ದುಡ್ಡು ನಮ್ಮ ಅಂಗಳದವರೆಗೆ ಬಂದದ್ದು ಹೀಗೆ.

1996ರಲ್ಲಿ ಹಳಿಯನ್ನು ಬ್ರಾಡ್ ಗೇಜ್ ಮಾಡಲಿಕ್ಕೆಂದು ಘಟ್ಟದ ರೈಲು ನಿಂತಿತು. ಒಂದೆರಡು ವರ್ಷ ಎಂದುಕೊಂಡಿದ್ದೆವು. ಪ್ರಯಾಣಿಕರ ರೈಲು ಮತ್ತೆ ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಬೆಂಗಳೂರಿನವರು ಬಸ್ಸಿನಲ್ಲಿ ನೇರ ಧರ್ಮಸ್ಥಳಕ್ಕೇ ಹೋಗಿ ಬರಲು ಕಲಿತಿದ್ದರು. ಅತ್ತೆಯ ಹಪ್ಪಳ ಡಬ್ಬಿಯಲ್ಲೇ ಉಳಿಯಿತು. ಅವರು ಬೀಡಿ ಸುರುಟಲು ಕೂತರು. ನಮ್ಮ ಕಡೆಯ ಎಷ್ಟೋ ಹೆಂಗಸರ ಕೊನೆಯ ದಾರಿ ಅದು. "ಹಪ್ಪಳದ ದುಡ್ಡು ನನ್ನದು, ಬೀಡಿಯ ದುಡ್ಡು ಅಂಗಡಿಯ ಸಾಲದ್ದು" ಎನ್ನುತ್ತಿದ್ದರು.

ನೀಲಗಿರಿಯ ರೈಲೂ ಮೀಟರ್ ಗೇಜೇ. ಅದನ್ನು ಹಾಗೆಯೇ ಉಳಿಸಿಕೊಂಡರು. 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಮ್ಮದು ಅಗಲವಾಗದೆ ಉಪಾಯವಿರಲಿಲ್ಲ, ಬಂದರಿನ ಸರಕು ಸಾಗಬೇಕಲ್ಲ! ಆ ಬಗ್ಗೆ ನನಗೆ ತಕರಾರಿಲ್ಲ.

2021ರ ಜುಲೈಯಲ್ಲಿ ಈ ಮಾರ್ಗದ ಹಗಲು ರೈಲಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಸೇರಿಸಿದರು. ಮಗಳ ಮನೆಯಿಂದ ಬರುವಾಗ ಒಮ್ಮೆ ಅದರಲ್ಲಿ ಕೂತೆ. ಸಕಲೇಶಪುರ ದಾಟಿದ ಮೇಲೆ 57 ಸುರಂಗ, ನಡುನಡುವೆ ಸೇತುವೆ, ಅಬ್ಬಿ. ಮಕ್ಕಳು ಕಿರುಚಿದ್ದೇ ಕಿರುಚಿದ್ದು. ನಾನೂ ಸ್ವಲ್ಪ ಕಿರುಚಿದೆ ಅನ್ನಿ. ಬಂಟ್ವಾಳದಲ್ಲಿ ರೈಲು ನಿಂತಾಗ ಗಾಜು ಒತ್ತಿ ನೋಡಿದೆ. ತೆರೆಯುವ ಕಿಟಕಿಯೇ ಅಲ್ಲ. ಫೋಟೋ ತೆಗೆಯುತ್ತಿದ್ದವರಲ್ಲಿ ಒಬ್ಬರೂ ಇಳಿಯಲಿಲ್ಲ.

ನಾನು ಇಳಿದೆ. ಆ ಹಳೆಯ ಅಂಗಡಿಯಲ್ಲಿ ಈಗ ಮಗ ಕೂರುತ್ತಾನೆ.

"ಹಲಸಿನ ಹಪ್ಪಳ ಉಂಟಾ ಮಾರಾಯ?"

"ಉಂಟು ಅಕ್ಕ. ಈಗ ಕಾರಿನವರೇ ತೆಗೆದುಕೊಳ್ಳುವುದು, ರೈಲಿನವರು ಈಚೆ ಬರುವುದೇ ಇಲ್ಲ."

ಎರಡು ಕಟ್ಟು ಕೊಂಡೆ. ಮನೆಗೆ ಬಂದು ಎಣಿಸಿದರೆ 20ರ ಕಟ್ಟು.