ಹಳೇ ಕಪಾಟು, ಉಪ್ಪುಕಾಗದ

ನಮ್ ರಾಜಾನುಕುಂಟೆ ಮನೆ ಅಡುಗೆಕೋಣೇಲಿ ಒಂದು ಮರದ ಕಪಾಟೈತೆ. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ ಶುರುವಾದ 1984ರಲ್ಲಿ ನಮ್ಮಪ್ಪ ಮಾಡಿಸಿದ್ದು. ಮೇಲೆ ಕ್ರೀಮ್ ಬಣ್ಣ, ಅದರ ಕೆಳಗೆ ಹಸಿರು, ಅದಕ್ಕೂ ಕೆಳಗೆ ಅರಿಶಿನದಂಥ ಹಳದಿ. ಈಗೀಗ ಸಿಪ್ಪೆ ಸಿಪ್ಪೆಯಾಗಿ ಏಳ್ತಿತ್ತು. ಮಗಳು ಒಂದೂವರೆ ವರ್ಷದ ಮಗೂನ ಕರ್ಕೊಂಡು ಬರೋಳಿದ್ಲು. ಬಣ್ಣದ ಮೇಸ್ತ್ರಿನ ಕರೆಸ್ದೆ. "ಎಂಬತ್ತರ ಪೇಪರ್ ಹಾಕಿ ಮಿಷನ್ನಲ್ಲಿ ಉಜ್ಜಿಬಿಟ್ರೆ ಅರ್ಧ ದಿನದ ಕೆಲ್ಸ ಅಮ್ಮಾ" ಅಂದ್ರು. "ಒಂದಿನ ತಡೀರಿ" ಅಂದೆ.

ತಡೆಯೋಕೆ ಕಾರಣ ಇತ್ತು. ಹೇಳ್ತೀನಿ.

ನಮ್ ಕಡೆ ಸ್ಯಾಂಡ್‌ಪೇಪರ್‌ಗೆ ಉಪ್ಪುಕಾಗದ ಅಂತೀವಿ. ಉಪ್ಪು ಉದುರಿಸಿದಂಗೆ ಕಾಣುತ್ತಲ್ಲ, ಅದಕ್ಕಿರ್ಬೇಕು. ಕಾಗದ ಬರೋಕೆ ಮುಂಚೆ ಎಲೆ, ಚಿಪ್ಪು, ಮೀನಿನ ಚರ್ಮ ಎಲ್ಲಾ ಈ ಕೆಲ್ಸ ಮಾಡಿವೆ. ಚನ್ನಪಟ್ಟಣದಲ್ಲಿ ಇವತ್ತಿಗೂ ಗೊಂಬೆಗೆ ಅರಗಿನ ಬಣ್ಣ ಹಚ್ಚಿದ ಮೇಲೆ ತಾಳೆಹೂವಿನ ಗಿಡದ ಗರಿ ಒತ್ತಿ ಹಿಡಿದು ಹೊಳಪು ಕೊಡ್ತಾರೆ. 1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿ ಅಂಟಿಸಿದ ಕಾಗದ ಮಾರೋಕೆ ಶುರುಮಾಡಿದ. ಮಾರನೇ ವರ್ಷ ಅಮೆರಿಕದಲ್ಲಿ ಐಸಾಕ್ ಫಿಶರ್ ಪೇಟೆಂಟ್ ತಗೊಂಡ. ಆ ಕಾಗದಕ್ಕೆಲ್ಲ ಪ್ರಾಣಿ ಚರ್ಮದ ಗೋಂದು. ನೀರು ತಾಗಿದ್ರೆ ಬಿಟ್ಟುಕೊಳ್ತಿತ್ತು. ಹಾಗಾಗಿ ಒಣಗಿದ್ದನ್ನೇ ಉಜ್ಜಬೇಕು, ಧೂಳು ಕುಡೀಬೇಕು. 1921ರಲ್ಲಿ ಫ್ರಾನ್ಸಿಸ್ ಓಕಿ ಅನ್ನೋ ಶಾಯಿ ತಯಾರಕ ಕಂಡುಹಿಡಿದ ನೀರು ತಡೆಯೋ ಕಾಗದವನ್ನ ತ್ರೀಎಂ ಕಂಪನಿ ತಂತು. (ಈ ಓಕಿ ಬೇರೆ, ಆ ಓಕಿ ಬೇರೆ!) ಕಾರಿನ ಬಣ್ಣ ಉಜ್ಜೋ ಕೆಲಸಗಾರರ ಎದೆಗೆ ಹೋಗ್ತಿದ್ದ ಧೂಳು ಅದ್ರಿಂದ ಕಮ್ಮಿಯಾಯ್ತು. ನಮ್ಮ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಕರೀ ವಾಟರ್ ಪೇಪರ್ ಇದರದೇ ಸಂತತಿ.

ಧೂಳಿನ ಭಯ ಯಾಕೆ ಅಂದ್ರೆ, ಸೀಸ. ಹಳೇ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಲ್ಲಿ ಸೀಸ ಇರೋದು ಸಾಮಾನ್ಯ. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ ಹತ್ತು ಲಕ್ಷಕ್ಕೆ 90 ಪಾಲು ಸೀಸ ಅನ್ನೋ ಮಿತಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ನಮ್ಮ ಕಪಾಟಿಗೆ ಆಗ್ಲೇ ಮೂವತ್ಮೂರು ವರ್ಷ. 1990ರ ದಶಕದ ಕೊನೇಲಿ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿ ದೊಡ್ಡ ಊರುಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸ್ತು. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ. ಆಗ ಪೆಟ್ರೋಲಲ್ಲೂ ಸೀಸ ಇತ್ತು, 2000ದಲ್ಲಿ ಹೋಯ್ತು. ಆ ಕೆಲ್ಸದಲ್ಲಿದ್ದ ನಮ್ಮ ಸೇಂಟ್ ಜಾನ್ಸ್‌ನ ಡಾ. ತುಪ್ಪಿಲ್ ವೆಂಕಟೇಶ್ ಅವರನ್ನ ಜನ 'ಸೀಸದ ಮನುಷ್ಯ' ಅಂತಾನೇ ಕರೀತಾರೆ. ಸೀಸ ಮಕ್ಕಳ ಮೆದುಳಿಗೆ ಹತ್ತುತ್ತೆ. ನೆಲದ ಧೂಳು ಅಂಬೆಗಾಲಿನ ಕೈಗೆ, ಕೈಯಿಂದ ಬಾಯಿಗೆ.

ನಮ್ಮ ಹಳದೀಲಿ ಸೀಸ ಇದ್ಯೋ ಇಲ್ವೋ, ಕಣ್ಣಿಗೆ ಕಾಣಲ್ಲ. ಇದೆ ಅಂತಾನೇ ಲೆಕ್ಕ ಇಟ್ಕೊಂಡೆ. ಮಿಷನ್ ಬೇಡ, ಎಂಬತ್ತು ಬೇಡ, ಬಣ್ಣ ಸುಟ್ಟು ತೆಗೆಯೋದಂತೂ ಬೇಡ್ವೇ ಬೇಡ. ಎಂಬತ್ತರದ್ದು ಬರೀ ಮರಕ್ಕೆ; ನಂಬರ್ ಹೆಚ್ಚಾದಂಗೆ ಕಾಗದ ನಯ. ನಾವು ತಗೊಂಡಿದ್ದು 180 ಮತ್ತು 320ರ ವಾಟರ್ ಪೇಪರ್. ಮೊದ್ಲು ನೀರು ಚಿಮುಕಿಸಿ ಎದ್ದಿದ್ದ ಸಿಪ್ಪೆ ಮಾತ್ರ ಮೆತ್ತಗೆ ಕೆರೆದ್ರು. ಸೋಪಿನ ನೀರಲ್ಲಿ ಅದ್ದಿದ 180ರಲ್ಲಿ ಅಂಚು ಸಮ ಮಾಡಿ, ಗಟ್ಟಿಯಾಗಿದ್ದ ಬಣ್ಣದ ಹೊಳಪು ಮುರಿದ್ರು, ಅಷ್ಟೇ. ಮರ ಕಾಣೋ ತನಕ ಇಳೀಲಿಲ್ಲ. ರಾಡಿನ ಒಣಗೋಕೆ ಬಿಡದೆ ಒದ್ದೆ ಬಟ್ಟೇಲಿ ಒರೆಸಿ, ಬಟ್ಟೆ, ಕೆಳಗೆ ಹಾಸಿದ್ದ ಪ್ಲಾಸ್ಟಿಕ್ಕು ಎಲ್ಲಾ ಕಟ್ಟಿ ಬಿಸಾಕಿದ್ವಿ. ಪ್ರೈಮರ್ ಆದ್ಮೇಲೆ 320. ಆಮೇಲೆ ಸೀಸ ಇಲ್ಲ ಅಂತ ಡಬ್ಬದ ಮೇಲೆ ಬರ್ದಿರೋ ಎನಾಮೆಲ್, ಎರಡು ಕೋಟು.

ಅರ್ಧ ದಿನದ್ದು ಮೂರು ದಿನ ಆಯ್ತು. ಮೇಸ್ತ್ರಿ ಮೊದಲನೇ ದಿನ ಗೊಣಗಿದ್ರು. ಎರಡನೇ ದಿನ "ಕೆಮ್ಮು ಬರ್ಲಿಲ್ಲ ಕಣಮ್ಮಾ" ಅಂತ ಅವ್ರೇ ಅಂದ್ರು.

ಮಗು ಬಂದ ದಿನವೇ ಕಪಾಟು ಹಿಡ್ಕೊಂಡು ನಿಂತು, ಬಾಗಿಲಿಗೆ ನಾಲಿಗೆ ಹಚ್ಚಿ ನೋಡ್ತು. ಉಳಿದ ಮೂರು ಹಾಳೆ 320 ಎತ್ತಿಟ್ಟಿದ್ದೀನಿ. ಕಿಟಕಿ ಬಾಗಿಲುಗಳಿಗೂ ಅದೇ ಹಳದಿ ಐತೆ.